ಆರು ವೋಲ್ಟಿನ ದೀಪ ಮತ್ತು 'ಮೂಲ ಸ್ವರೂಪ'ದ ನಿಯಮ

ಕಳೆದ ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಪಾಂಡವಪುರದಿಂದ ಶ್ರೀರಂಗಪಟ್ಟಣದತ್ತ ನನ್ನ ಹಳೆಯ ಜಾವಾ ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಿದ್ದೆ. ಹಿಂದೆ ಮೊಮ್ಮಗ ಕುಳಿತಿದ್ದ. ಕತ್ತಲು ಕವಿಯುತ್ತಿದ್ದಂತೆ ಅವನು 'ತಾತ, ಲೈಟ್ ಹಾಕು' ಎಂದ. ಲೈಟು ಆಗಲೇ ಉರಿಯುತ್ತಿತ್ತು! ಮುಂದಿನ ತಿರುವಿನಲ್ಲಿ, ಹಿಂಬದಿಗೆ ಒಂದು ಕೆಂಪು ಪಟ್ಟಿಯೂ ಇಲ್ಲದ ಕಬ್ಬಿನ ಗಾಡಿ ಕಣ್ಣಿಗೆ ಬಿದ್ದಾಗ ನಮಗೂ ಅದಕ್ಕೂ ಇದ್ದ ಅಂತರ ಹೆಚ್ಚೆಂದರೆ ಎರಡು ಮಾರು. ಬ್ರೇಕು ಹಿಡಿಯಿತು. ಮನೆ ತಲುಪುವವರೆಗೂ ಇಬ್ಬರೂ ಮಾತನಾಡಲಿಲ್ಲ.

ಈ ಗಾಡಿಯನ್ನು 1970ರಲ್ಲಿ ಕೊಂಡವರು ಮೈಸೂರಿನಲ್ಲಿ ಶಾಲಾ ಶಿಕ್ಷಕರಾಗಿದ್ದ ನನ್ನ ತಂದೆ. ಅದು ತಯಾರಾದದ್ದೂ ಅದೇ ಊರಿನಲ್ಲಿ. ಚೆಕೊಸ್ಲೊವಾಕಿಯಾದ ಪರವಾನಗಿಯಡಿ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಇದನ್ನೂ ನಂತರ ಯೆಜ್ಡಿಯನ್ನೂ ತಯಾರಿಸಿ, 1996ರಲ್ಲಿ ಮುಚ್ಚಿತು. ಎಂಜಿನ್ ಇಂದಿಗೂ ಗಟ್ಟಿಮುಟ್ಟಾಗಿದೆ. ದೌರ್ಬಲ್ಯವಿರುವುದು ವಿದ್ಯುತ್ತಿನಲ್ಲಿ. ಆರು ವೋಲ್ಟಿನ, 45 ವಾಟಿನ ಒಂದೇ ಡೈನಮೊ ಬ್ಯಾಟರಿ ತುಂಬಬೇಕು, ಕಿಡಿ ಹಾರಿಸಬೇಕು, ದೀಪ ಉರಿಸಬೇಕು, ಹಾರನ್ನಿಗೂ ಒದಗಬೇಕು. ನಗರದ ದಟ್ಟಣೆಯಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ಅದು ಬ್ಯಾಟರಿ ತುಂಬುವುದೇ ಇಲ್ಲ. ಬ್ಯಾಟರಿ ಸೋತರೆ ದೀಪದ ಜೊತೆಗೆ ಗಾಡಿಯೂ ನಿಲ್ಲುತ್ತದೆ.

ಅರ್ಥಶಾಸ್ತ್ರ ಓದಿದ ನನಗೆ ಮನದಟ್ಟಾದದ್ದು ಸೋರಿಕೆಯ ಲೆಕ್ಕ. ಐವತ್ತು ವರ್ಷದ ವೈರು, ತುಕ್ಕು ಹಿಡಿದ ಜೋಡಣೆಗಳಲ್ಲಿ ಅರ್ಧ ವೋಲ್ಟ್ ನಷ್ಟವಾಯಿತೆನ್ನಿ. ಆರರಲ್ಲಿ ಅರ್ಧವೆಂದರೆ ಹನ್ನೆರಡನೆಯ ಒಂದು ಪಾಲು. ತಂತಿ ಬಲ್ಬಿನ ಬೆಳಕು ವೋಲ್ಟಿಗಿಂತ ಬಹಳ ವೇಗವಾಗಿ ಕುಸಿಯುವುದರಿಂದ, ಇಷ್ಟರಿಂದಲೇ ಸುಮಾರು ಕಾಲು ಭಾಗ ಬೆಳಕು ಹೋಗುತ್ತದೆ. ಅದೇ ವಾಟಿನ ಬಲ್ಬನ್ನು ಹನ್ನೆರಡು ವೋಲ್ಟಿನಲ್ಲಿ ಉರಿಸಿದರೆ ಹರಿಯುವ ಕರೆಂಟು ಅರ್ಧಕ್ಕಿಳಿಯುತ್ತದೆ. ಅದೇ ವೈರಿನಲ್ಲಿ ನಷ್ಟ ನಲವತ್ತೆಂಟನೆಯ ಒಂದು ಪಾಲು ಮಾತ್ರ.

ಮೈಸೂರಿನ ಮೆಕ್ಯಾನಿಕ್ ಒಬ್ಬರು ನನ್ನ ಹಿಂಜರಿಕೆ ನೋಡಿ ಕೇಳಿದರು: 'ಸಾರ್, ಗಾಡಿ ಓಡಿಸ್ತೀರೋ, ಪೂಜೆಗೆ ಇಡ್ತೀರೋ?' ಡೈನಮೊ ಬಿಚ್ಚಿ, ಅದರ ಜಾಗದಲ್ಲಿ ಯುರೋಪಿನಿಂದ ತರಿಸಿದ ಹನ್ನೆರಡು ವೋಲ್ಟಿನ ಆಲ್ಟರ್ನೇಟರ್ ಕೂರಿಸಿದರು. ಜೊತೆಗೆ ಎಲೆಕ್ಟ್ರಾನಿಕ್ ಇಗ್ನಿಷನ್, ರೆಗ್ಯುಲೇಟರ್, ಹೊಸ ಬ್ಯಾಟರಿ, ಬಲ್ಬು, ಹಾರನ್ ಎಲ್ಲವೂ ಬದಲಾದವು. ಪಿಂಚಣಿಯ ದೊಡ್ಡ ಪಾಲೇ ಖರ್ಚಾಯಿತು. ಈಗ ಬ್ಯಾಟರಿ ಇಲ್ಲದೆಯೂ ಎಂಜಿನ್ ಶುರುವಾಗುತ್ತದೆ. ಎಲ್ಲಿಯೂ ಕೊರೆದಿಲ್ಲ, ಬೆಸುಗೆ ಹಾಕಿಲ್ಲ. ಬೇಕೆಂದರೆ ಒಂದು ದಿನದಲ್ಲಿ ಹಳೆಯ ಸ್ಥಿತಿಗೆ ತರಬಹುದು.

ಪ್ರಶ್ನೆ ಇರುವುದು ಇಲ್ಲಿಯೇ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿ, ಐವತ್ತು ವರ್ಷ ಮೀರಿದ ಖಾಸಗಿ ವಾಹನಗಳಿಗೆ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿ ಕಲ್ಪಿಸಿತು. ಉದ್ದೇಶ ಒಳ್ಳೆಯದು. ಆದರೆ ವಾಹನ ಮೂಲ ಸ್ವರೂಪದಲ್ಲಿರಬೇಕು, ಗಣನೀಯ ಮಾರ್ಪಾಡು ಆಗಿರಬಾರದು. ಚಾಸಿ, ಹೊರಮೈ ಅಥವಾ ಎಂಜಿನ್‌ನ ಬದಲಾವಣೆ ಈ ನಿಷೇಧದಲ್ಲಿ ಸೇರುತ್ತದೆ. ಜಾವಾದ ಡೈನಮೊ ಕೂರುವುದೇ ಎಂಜಿನ್ನಿನ ಕ್ರ್ಯಾಂಕ್ ತುದಿಯಲ್ಲಿ. ಅದನ್ನು ಬದಲಿಸಿದ್ದು ಎಂಜಿನ್ ಮಾರ್ಪಾಡೇ, ದೀಪದ ದುರಸ್ತಿಯೇ? ಒಬ್ಬ ಇನ್‌ಸ್ಪೆಕ್ಟರ್ ಒಂದು ಹೇಳಬಹುದು, ಪಕ್ಕದ ಜಿಲ್ಲೆಯವರು ಇನ್ನೊಂದು. ಸೇವೆಯಲ್ಲಿದ್ದಾಗ ನಾನೂ ಇಂಥ ಪದಗಳನ್ನು ಬರೆದವನೇ. ಅಸ್ಪಷ್ಟತೆಯ ಅನುಕೂಲ ಬರೆದವನಿಗೆ, ತೊಂದರೆ ಕೌಂಟರಿನ ಮುಂದೆ ನಿಂತವನಿಗೆ ಎಂಬುದು ನಿವೃತ್ತಿಯ ನಂತರ ತಿಳಿಯಿತು.

ವಿಂಟೇಜ್ ಪ್ರಿಯರಲ್ಲಿ ಕೆಲವರಿಗೆ ನನ್ನ ಕೆಲಸ ಅಪಚಾರವಾಗಿ ಕಂಡಿದೆ. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಗಾಡಿಯ ಮಟ್ಟಿಗೆ ಅವರ ಮಾತು ಸರಿ. ಆದರೆ ವಿಂಟೇಜ್ ನೋಂದಣಿಯಾದ ವಾಹನವನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ಇಂಧನಕ್ಕೆ, ದುರಸ್ತಿಗೆ ರಸ್ತೆಗಿಳಿಸಲು ನಿಯಮವೇ ಅವಕಾಶ ಕೊಟ್ಟಿದೆ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಮುಂದೀಪ ಹಗಲೂ ಉರಿಯಬೇಕೆಂದು ಕಡ್ಡಾಯ ಮಾಡಿದ ಸರ್ಕಾರ, ಅದೇ ರಸ್ತೆಯಲ್ಲಿ ಹಳೆಯ ಗಾಡಿ ಮಿಣುಕು ದೀಪದಲ್ಲಿ ಬರಲಿ ಎನ್ನಲಾದೀತೇ?

ಹಾಗೆಂದು ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿಗಳನ್ನು ಸಿಕ್ಕಸಿಕ್ಕಲ್ಲಿ ಸಿಕ್ಕಿಸುವವರ ಪರ ನಾನು ವಾದಿಸುತ್ತಿಲ್ಲ. ಅವರಿಗೆ ದಂಡ ಹಾಕಲಿ. ನನ್ನ ಗಾಡಿಯಲ್ಲಿರುವುದು 35 ವಾಟಿನ ಹ್ಯಾಲೊಜನ್ ಬಲ್ಬು, ಅದೂ ಹಳೆಯ ಗಾಜಿನ ಹಿಂದೆಯೇ. ಚೌಕಟ್ಟು ಕತ್ತರಿಸದೆ, ಎಂಜಿನ್ ಸಂಖ್ಯೆ, ಸಾಮರ್ಥ್ಯ ಬದಲಿಸದೆ, ಮತ್ತೆ ಮೊದಲಿನಂತೆ ಮಾಡಬಹುದಾದ ವಿದ್ಯುತ್ ಬದಲಾವಣೆಯು 'ಗಣನೀಯ ಮಾರ್ಪಾಡು' ಅಲ್ಲವೆಂದು ಸಚಿವಾಲಯ ಒಂದು ಪುಟದ ಸುತ್ತೋಲೆ ಹೊರಡಿಸಿದರೆ ಸಾಕು. ಬೇಕಿದ್ದರೆ ಬೆಳಕಿನ ಕೋನ ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸಲಿ.

ತಂದೆಯವರ ಕಾಲದ ಡೈನಮೊವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ತಪಾಸಣೆಯ ದಿನ ಅದನ್ನೂ ಆರ್‌ಟಿಒ ಕಚೇರಿಗೆ ಕೊಂಡೊಯ್ಯುತ್ತೇನೆ.