ಸತ್ತ ಕೋಳಿಯ ಸುದ್ದಿ ಯಾರಿಗೆ ಹೇಳಬೇಕು?

ಪ್ರಾಜೆಕ್ಟ್ ಎಕ್ಸ್‌ಪೋ ಬಂತೆಂದರೆ ಒಂದಾದರೂ ಟೀಮು ಕೋಳಿಗೆ ಎಐ ಜೋಡಿಸಿಕೊಂಡು ಬರುತ್ತದೆ. ಕೋಳಿಯ ಕೂಗು ಕೇಳಿ ರೋಗ ಹೇಳುವ ಮಾಡೆಲ್, ಕ್ಯಾಮೆರಾದಲ್ಲಿ ನಡಿಗೆ ನೋಡಿ ಹಕ್ಕಿಜ್ವರ ಹಿಡಿಯುವ ಸಿಸ್ಟಮ್, ಹೀಗೆ. ಮಾಡಿದವರ ಶ್ರಮದ ಬಗ್ಗೆ ನನ್ನ ತಕರಾರಿಲ್ಲ. ಆದರೆ ನನ್ನೂರು ಸಿದ್ದಾಪುರ. ಉತ್ತರ ಕನ್ನಡದ್ದೂ ಅಲ್ಲ, ಕೊಡಗಿನದ್ದೂ ಅಲ್ಲ ಮಾರಾಯ್ರೆ, ಕುಂದಾಪುರದಿಂದ ಬಾಳೆಬರೆ ಘಾಟಿ ಕಡೆ ಹೋಗುವಾಗ ಸಿಗುವ ಸಿದ್ದಾಪುರ. ಅಲ್ಲಿಂದ ನೋಡಿದರೆ ಹಕ್ಕಿಜ್ವರ ಪತ್ತೆಯ ಕಷ್ಟ ಬೇರೆಯೇ ಕಡೆ ಇದೆ ಅನ್ನಿಸುತ್ತದೆ.

ನಮ್ಮ ಕಡೆ ಕೋಳಿ ಅಂದರೆ ಹೆಚ್ಚಾಗಿ ಹಿತ್ತಲ ಕೋಳಿ. ತೋಟದಲ್ಲಿ ಕೆದಕಿಕೊಂಡು ತಿನ್ನುತ್ತದೆ, ರಾತ್ರಿ ಗೂಡಿಗೆ ಬರುತ್ತದೆ. ವಾರದೊಳಗೆ ಐದಾರು ಸತ್ತರೆ ಮನೆಯಲ್ಲಿ ಹೇಳುವುದು ಒಂದೇ ಮಾತು: "ಕೋಳಿಗೆ ರೋಗ ಬಂತು." ಸತ್ತದ್ದು ತೋಟದ ಮೂಲೆಯ ಗುಂಡಿಗೆ ಹೋಗುತ್ತದೆ, ಉಳಿದದ್ದು ಬೇಗ ಬೇಗ ಸುಕ್ಕಕ್ಕೋ ಮಾರಾಟಕ್ಕೋ ಹೋಗುತ್ತದೆ. ಹೆಚ್ಚಿನ ಸಲ ಅದು ಕೊಕ್ಕರೆ ರೋಗವೇ ಇರಬಹುದು. ಆದರೆ ಕೊಕ್ಕರೆ ರೋಗಕ್ಕೂ ಹಕ್ಕಿಜ್ವರಕ್ಕೂ ಹೊರಗಿನ ಲಕ್ಷಣ ಬಹುತೇಕ ಒಂದೇ: ಉಸಿರಾಟಕ್ಕೆ ಕಷ್ಟ, ಭೇದಿ, ಕುತ್ತಿಗೆ ತಿರುಚುವುದು, ದಿಢೀರ್ ಸಾವು. ಕಣ್ಣಿಗೆ ಕಂಡದ್ದರ ಮೇಲೆ ಹಿರಿಯ ಪಶುವೈದ್ಯರೂ ಇದೇ ಅಂತ ಹೇಳಲಾರರು. ಲ್ಯಾಬ್ ಬೇಕೇ ಬೇಕು.

ಲ್ಯಾಬಿನ ಕೆಲಸ ನಮಗೆ ಅರ್ಥವಾಗುವಂಥದ್ದೇ. ಹಕ್ಕಿಯ ಗಂಟಲಿನಿಂದ, ಮಲದ್ವಾರದಿಂದ ಸ್ವಾಬ್ ತೆಗೆದು, ವೈರಸ್ ಕೆಡದಂಥ ದ್ರವದಲ್ಲಿಟ್ಟು, ಐಸ್ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಆರ್‌ಟಿ-ಪಿಸಿಆರ್‌ನಲ್ಲಿ ಮೊದಲು ಇನ್‌ಫ್ಲುಯೆಂಜಾ ಎ ಹೌದೋ ಅಲ್ಲವೋ, ಆಮೇಲೆ ಎಚ್5 ಹೌದೋ ಅಲ್ಲವೋ ಅಂತ ನೋಡುತ್ತಾರೆ. ಯಂತ್ರದ ಕೆಲಸ ಕೆಲವೇ ಗಂಟೆ. ದಕ್ಷಿಣ ಭಾರತದ ಪ್ರಾದೇಶಿಕ ಪ್ರಯೋಗಾಲಯ ಬೆಂಗಳೂರಿನ ಹೆಬ್ಬಾಳದಲ್ಲಿದೆ. ಅಂತಿಮವಾಗಿ ದೃಢಪಡಿಸುವುದು ಭೋಪಾಲ್‌ನ ಅತಿ ಸುರಕ್ಷಿತ ಪಶುರೋಗ ಸಂಸ್ಥೆ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಫಾರ್ಮಿನಲ್ಲಿ ಟರ್ಕಿ ಕೋಳಿಗಳು ಸತ್ತಾಗಲೂ, 2020ರ ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ರೋಗ ಕಂಡಾಗಲೂ ಕೊನೆಯ ಮಾತು ಭೋಪಾಲ್‌ನಿಂದಲೇ ಬಂತು. 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಅದೇ ಆಯಿತು. ವರದಹಳ್ಳಿಯಲ್ಲಿ ಮೊದಲು ಸತ್ತದ್ದು ಮನೆಯವರು ಸಾಕಿದ ನಾಟಿ ಕೋಳಿಗಳು. ಯಾರೋ ಹೇಳಿದರು, ಅದಕ್ಕೇ ಗೊತ್ತಾಯಿತು.

ಈಗ ಸ್ವಲ್ಪ ಪ್ರಾಬಬಿಲಿಟಿ ನೋಡೋಣ. ರೋಗ ಪತ್ತೆಯಾಗಬೇಕಾದರೆ ಸಾವು ಯಾರದ್ದಾದರೂ ಕಣ್ಣಿಗೆ ಬೀಳಬೇಕು, ಅವರು ತಿಳಿಸಬೇಕು, ಯಾರಾದರೂ ಬಂದು ಸ್ವಾಬ್ ತೆಗೆಯಬೇಕು, ಸ್ವಾಬ್ ತಂಪಾಗಿಯೇ ಲ್ಯಾಬ್ ತಲುಪಬೇಕು, ಟೆಸ್ಟ್ ಸರಿ ಹೇಳಬೇಕು. ಇವೆಲ್ಲ ಒಂದಕ್ಕೊಂದು ಗುಣಾಕಾರ. ಉದಾಹರಣೆಗೆ ಟೆಸ್ಟ್ 0.99 ಅಂತಿಟ್ಟುಕೊಳ್ಳಿ, ತಿಳಿಸುವವರು ಹತ್ತರಲ್ಲಿ ಒಬ್ಬರು ಅಂತಿಟ್ಟುಕೊಳ್ಳಿ. ಇಡೀ ವ್ಯವಸ್ಥೆ 0.1 ದಾಟುವುದಿಲ್ಲ. ನಾವೆಲ್ಲ 0.99 ಅನ್ನು 0.995 ಮಾಡಲು ರಾತ್ರಿ ನಿದ್ದೆಗೆಡುತ್ತಿದ್ದೇವೆ.

ದೊಡ್ಡ ದೇಶಗಳೂ ಇಲ್ಲೇ ಎಡವಿವೆ. ಅಮೆರಿಕದಲ್ಲಿ ಹಾಲಿನ ದನಗಳಿಗೆ ಎಚ್5ಎನ್1 ಬಂದದ್ದು ಗೊತ್ತಾದದ್ದು 2024ರ ಮಾರ್ಚ್‌ನಲ್ಲಿ. ವೈರಸ್ಸಿನ ಜೀನೋಮ್ ಓದಿದಾಗ ಅದು ಕೆಲವು ತಿಂಗಳ ಹಿಂದೆಯೇ, 2023ರ ಕೊನೆಯ ಹೊತ್ತಿಗೇ, ದನಗಳಿಗೆ ದಾಟಿತ್ತು ಅಂತ ಕಂಡಿತು. ಅಲ್ಲಿ ಯಂತ್ರಗಳಿಗೇನು ಕೊರತೆ?

ಹಾಗಾದರೆ ಜನ ಯಾಕೆ ಹೇಳುವುದಿಲ್ಲ? ಅರಿವು ಇಲ್ಲ ಅನ್ನುವುದು ಸುಲಭದ ಉತ್ತರ. ನಾನು ಒಪ್ಪುವುದಿಲ್ಲ. ನಮ್ಮ ಮಲೆನಾಡು, ಕರಾವಳಿಯ ಜನ ಮಂಗನ ಕಾಯಿಲೆ ನೋಡಿದವರು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾದಾಗಿನಿಂದ ಸತ್ತ ಮಂಗ ಅಂದರೆ ಎಚ್ಚರಿಕೆಯ ಗಂಟೆ. 2019ರ ಆರಂಭದಲ್ಲಿ ಸಾಗರದ ಅರಳಗೋಡು ಕಡೆ ಕಾಯಿಲೆ ಜೋರಾದಾಗ ಘಟ್ಟದ ಕೆಳಗೆ ನಮ್ಮ ಉಡುಪಿ ಜಿಲ್ಲೆಯಲ್ಲೂ ಸತ್ತ ಮಂಗಗಳ ಸುದ್ದಿ ಇಲಾಖೆಗೆ ಹೋಯಿತು, ಪರೀಕ್ಷೆಯೂ ಆಯಿತು. ಹೇಳಬೇಕು ಅಂತ ಜನರಿಗೆ ಗೊತ್ತಿದೆ. ವ್ಯತ್ಯಾಸ ಇಷ್ಟೇ: ಮಂಗ ಯಾರದ್ದೂ ಅಲ್ಲ, ಹೇಳಿದವನಿಗೆ ನಷ್ಟವಿಲ್ಲ. ಕೋಳಿ ಮನೆಯದ್ದು.

ಹಕ್ಕಿಜ್ವರ ದೃಢಪಟ್ಟರೆ ಸುತ್ತ 1 ಕಿ.ಮೀ. ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, 10 ಕಿ.ಮೀ.ವರೆಗೆ ನಿಗಾ ಇಡುತ್ತಾರೆ. ಕೇಂದ್ರ, ರಾಜ್ಯ ಸರ್ಕಾರಗಳು ಅರ್ಧರ್ಧ ಹಾಕಿ ಕೊಡುವ ಪರಿಹಾರ ಇರುವುದು ಹಾಗೆ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಕೋಳಿಯ ಆಹಾರಕ್ಕೆ. ಈಗ ಆರು ಕೋಳಿ ಕಳಕೊಂಡ ಹೆಂಗಸಿನ ಜಾಗದಲ್ಲಿ ನಿಂತು ಯೋಚಿಸಿ. ಫೋನ್ ಮಾಡಿದರೆ ಉಳಿದ ಕೋಳಿಯೂ ಹೋಗಬಹುದು, ಪಕ್ಕದ ಮನೆಯದ್ದೂ ಹೋಗಬಹುದು. "ನಿನ್ನಿಂದ್ಲೇ ಆದ್ದು" ಅಂತ ಊರವರ ಮಾತು ಬೇರೆ. ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಅವಳು ಸುಮ್ಮನಿರುವುದು ಅಜ್ಞಾನದಿಂದ ಅಲ್ಲ, ಲೆಕ್ಕಾಚಾರದಿಂದ.

ಆದ್ದರಿಂದ ಲೆಕ್ಕವನ್ನೇ ಬದಲಿಸಬೇಕು. ಸತ್ತ ಕೋಳಿಯನ್ನು ತಿಳಿಸಿ ಸ್ವಾಬ್ ತೆಗೆಯಲು ಬಿಟ್ಟವರಿಗೆ, ರಿಸಲ್ಟ್ ಏನೇ ಬರಲಿ, ಒಂದು ನಿಗದಿತ ಹಣ ಕೂಡಲೇ ಸಿಗಬೇಕು. ಹಕ್ಕಿಜ್ವರ ಅಲ್ಲ, ಕೊಕ್ಕರೆ ರೋಗ ಅಂತ ಬಂದರೆ ಉಳಿದ ಕೋಳಿಗಳಿಗೆ ಲಸಿಕೆ ಹಾಕಿ ಹೋಗಬೇಕು. ಆಗ ಫೋನ್ ಮಾಡುವುದರಲ್ಲಿ ಮನೆಗೂ ಲಾಭ. ಸುಳ್ಳು ಹೇಳಿ ದುಡ್ಡು ಹೊಡೆಯುತ್ತಾರೆ ಅನ್ನುವವರಿದ್ದಾರೆ. ಒಂದಿಷ್ಟು ಹೊಡೆಯಬಹುದು. ಆದರೆ ತಡವಾಗಿ ಗೊತ್ತಾದ ಒಂದೇ ಒಂದು ಪ್ರಕರಣದಲ್ಲಿ ಸಾವಿರಗಟ್ಟಲೆ ಕೋಳಿ ಕೊಲ್ಲುವ ಖರ್ಚಿನ ಮುಂದೆ ಅದು ಚಿಲ್ಲರೆ.

ಸುದ್ದಿ ಹಬ್ಬಿದರೆ ಕೋಳಿ ವ್ಯಾಪಾರ ಬೀಳುತ್ತದೆ ಅನ್ನುವ ಭಯವೂ ನಿಜವೇ. ಆದರೆ 70 ಡಿಗ್ರಿಯಲ್ಲಿ ಚೆನ್ನಾಗಿ ಬೆಂದರೆ ವೈರಸ್ ಉಳಿಯುವುದಿಲ್ಲ. ಅಪಾಯ ಇರುವುದು ರೋಗದ ಕೋಳಿಯನ್ನು ಮುಟ್ಟುವುದರಲ್ಲಿ, ಕೊಯ್ಯುವುದರಲ್ಲಿ. ಮನುಷ್ಯರಿಗೆ ಬರುವುದು ಅಪರೂಪ, ಆದರೆ ಬಂದರೆ ಕಠಿಣ. 2021ರಲ್ಲಿ ದೆಹಲಿಯ ಏಮ್ಸ್‌ನಲ್ಲಿ 11 ವರ್ಷದ ಹುಡುಗ, 2025ರಲ್ಲಿ ಆಂಧ್ರದಲ್ಲಿ ಎರಡು ವರ್ಷದ ಮಗು ಎಚ್5ಎನ್1ನಿಂದ ತೀರಿಕೊಂಡರು.

ಹಾಗಾದರೆ ನಾವೇನು ಮಾಡಬಹುದು? ಮುಂದಿನ ಎಕ್ಸ್‌ಪೋಗೆ ಐಸ್ ಪೆಟ್ಟಿಗೆಯೊಳಗಿನ ಉಷ್ಣತೆ ದಾಖಲಿಸುವ ಒಂದು ಅಗ್ಗದ ಲಾಗರ್ ಮಾಡಿ. ಸಿದ್ದಾಪುರದಿಂದ ಹೆಬ್ಬಾಳಕ್ಕೆ ಸುಮಾರು 400 ಕಿ.ಮೀ.; ದಾರಿಯಲ್ಲಿ ಐಸ್ ಕರಗಿತೋ ಇಲ್ಲವೋ ಅಂತ ಗೊತ್ತಾಗಲಿ. ಪಶು ಆಸ್ಪತ್ರೆಗೆ ಬಂದ ಕರೆ ಎಷ್ಟು ಹೊತ್ತಿಗೆ ಸ್ವಾಬ್ ಆಯಿತು, ಸ್ವಾಬ್ ಎಷ್ಟು ದಿನಕ್ಕೆ ರಿಸಲ್ಟ್ ಆಯಿತು ಅಂತ ಕನ್ನಡದಲ್ಲೇ ತೋರಿಸುವ, ಕೀಪ್ಯಾಡ್ ಫೋನಿಗೂ ಉತ್ತರ ಕಳಿಸುವ ವ್ಯವಸ್ಥೆ ಮಾಡಿ. ಪೋಸ್ಟರ್‌ನಲ್ಲಿ ಅದು ಅಷ್ಟು ಮಿಂಚುವುದಿಲ್ಲ, ಬಹುಮಾನವೂ ಬರದೇ ಹೋಗಬಹುದು.

ಇನ್ನು ರಜೆಗೆ ಊರಿಗೆ ಹೋದಾಗ ಹಿತ್ತಲಲ್ಲಿ ಒಂದಾದ ಮೇಲೊಂದು ಕೋಳಿ ಸತ್ತರೆ, ಮರದಡಿ ನಾಲ್ಕೈದು ಕಾಗೆ ಬಿದ್ದಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಇಲ್ಲವೇ 1962ಕ್ಕೆ ಫೋನ್ ಮಾಡಿ. ಮನೆಯವರು ಬೇಡ ಅಂದರೆ ಬೈಯಬೇಡಿ, ಅವರ ಲೆಕ್ಕ ಏನು ಅಂತ ಕೇಳಿ. ಅದನ್ನು ಸರ್ಕಾರಕ್ಕೆ ಅರ್ಥ ಮಾಡಿಸುವ ಕೆಲಸ ಓದಿದ ನಮ್ಮದು.