ಹದಿನಾರು ಸಾಲಿನಲ್ಲಿ ಮದ್ದಿಕೇರ ಹಿಡಿಯುತ್ತದೆಯೇ?

ಹಳೆಯ ವಿಡಿಯೋ ಗೇಮ್‌ಗಳ ಚೌಕದ ಅಕ್ಷರಗಳಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ಎಂಟು ಚೌಕ ಅಗಲ, ಎಂಟು ಚೌಕ ಎತ್ತರ, ಅಷ್ಟರಲ್ಲಿ ಒಂದು ಇಂಗ್ಲಿಷ್ ಅಕ್ಷರ ಮುಗಿಯಿತು. 1980ರ ದಶಕದ ಆಟಗಳ ಮಾದರಿಯ 'ಪ್ರೆಸ್ ಸ್ಟಾರ್ಟ್ 2ಪಿ' ಎಂಬ ಉಚಿತ ಫಾಂಟಿನಲ್ಲಿ ಗ್ರೀಕ್, ರಷ್ಯನ್ ಅಕ್ಷರಗಳೂ ಇವೆ, ಕನ್ನಡ ಇಲ್ಲ. ಆಟದ ಸುದ್ದಿ ನಮಗೇಕೆ ಎನ್ನಬೇಡಿ. ಬಸ್ಸಿನ ಮುಂದೆ, ರೈಲು ನಿಲ್ದಾಣದಲ್ಲಿ ಮಿನುಗುವ ಎಲ್‌ಇಡಿ ಬೋರ್ಡಿನ ಅಕ್ಷರವೂ ಇದೇ ಜಾತಿಯದು.

ನಮ್ಮ ಗಡಿಯ ಊರುಗಳನ್ನೇ ತೆಗೆದುಕೊಳ್ಳಿ. ಆದೋನಿ, ಆಲೂರು, ರಾಯಚೂರು ಹೇಗೋ ಹೊಂದಿಕೊಳ್ಳುತ್ತವೆ, ಒತ್ತಕ್ಷರವಿಲ್ಲ. ಬಳ್ಳಾರಿ, ಸಿರುಗುಪ್ಪ ಬಂದರೆ ಇಕ್ಕಟ್ಟು. ಮದ್ದಿಕೇರ, ಪತ್ತಿಕೊಂಡ ಇನ್ನೂ ಕಷ್ಟ. 'ದ್ದಿ'ಯಲ್ಲಿ ಮೇಲೆ ಗುಡಿಸು, ನಡುವೆ ದಕಾರ, ಕೆಳಗೆ ಒತ್ತು, ಹೀಗೆ ಮೂರು ಅಂತಸ್ತು. ಇಂಗ್ಲಿಷ್ ದೊಡ್ಡಕ್ಷರಕ್ಕೆ ಏಳು ಸಾಲು ಚುಕ್ಕಿ ಸಾಕು. ಕನ್ನಡಕ್ಕೆ ಮೇಲೆ ಮೂರು, ನಡುವೆ ಎಂಟು, ಒತ್ತಿಗೆ ಐದು ಎಂದರೂ ಹದಿನಾರು ಸಾಲಿನ ಬೋರ್ಡು ಅಲ್ಲಿಗೇ ಭರ್ತಿ. ಒತ್ತು ಕತ್ತರಿಸಿದರೆ ಬಳ್ಳಾರಿ 'ಬಳಾರಿ' ಆಗುತ್ತದೆ.

ಜಾಗವಿದ್ದರೂ ಇನ್ನೊಂದು ತೊಡಕುಂಟು. ಕಂಪ್ಯೂಟರಿನ ಲೆಕ್ಕದಲ್ಲಿ 'ದ್ದಿ' ನಾಲ್ಕು ಸಂಕೇತ, ಕಣ್ಣಿಗೆ ಒಂದೇ ಅಕ್ಷರ. ಸಂಕೇತಕ್ಕೊಂದು ಚಿತ್ರ ಎಂದಷ್ಟೇ ತಿಳಿದ ತಂತ್ರಾಂಶ 'ಮದ್‌ದಿಕೇರ' ಎಂದು ಬಿಡಿಸಿಡುತ್ತದೆ. 'ಗ್ನೂ ಯೂನಿಫಾಂಟ್' ಎಂಬ ಚುಕ್ಕಿ ಫಾಂಟಿನಲ್ಲಿ ಕನ್ನಡದ ಬಿಡಿ ಅಕ್ಷರಗಳಿವೆ, ಒತ್ತು ಕೂಡಿಕೊಳ್ಳುವುದಿಲ್ಲ. ಊರ ಹೆಸರನ್ನು ಚಿತ್ರವಾಗಿ ಬರೆದು ತುಂಬಿಸಬಹುದು ನಿಜ. ಆದರೆ 'ಬಸ್ಸು ಒಂದು ಗಂಟೆ ತಡ' ಎಂದು ಆಗಿಂದಾಗ್ಗೆ ಹಾಕಲು ಅದು ನಡೆಯದು. ಆಗದ ಕೆಲಸವಂತೂ ಇದಲ್ಲ. ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡು 1980ರ ದಶಕದಲ್ಲೇ ಭಾರತೀಯ ಲಿಪಿಗಳನ್ನು ಪಿಸಿ ಪರದೆಗೆ ತಂದಿತ್ತು. ಆಟ ತಯಾರಿಸುವ ಉಚಿತ ತಂತ್ರಾಂಶ ಗೊಡೊ 2023ರ ನಾಲ್ಕನೇ ಆವೃತ್ತಿಯಿಂದ ಒತ್ತಕ್ಷರ ಕೂಡಿಸುತ್ತದೆ. ಇನ್ನು ಬೇಕಾದದ್ದು ಚೌಕ ಎಣಿಸಿ ಅಕ್ಷರ ಬರೆಯುವ ಕೈ. ಎಳೆ ಎಣಿಸಿ ಕಸೂತಿ ಹಾಕುವವರಿಗೆ ಈ ಲೆಕ್ಕ ಹೊಸದೇನಲ್ಲ!

2024ರ ತಿದ್ದುಪಡಿಯಂತೆ ಕರ್ನಾಟಕದ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಆ ಕಾನೂನು ಗಡಿಯ ಈಚೆಗೆ ಬರುವುದಿಲ್ಲ. ಬಂದರೂ ಅದು ಅಳೆಯುವುದು ಜಾಗವನ್ನು, ಓದಲು ಬರುತ್ತದೆಯೇ ಎಂಬುದನ್ನಲ್ಲ. ಕನ್ನಡ ಶಾಲೆಯಲ್ಲಿ ಮಾತ್ರ ಓದಿದ ನಮ್ಮ ಹಿರಿಯರಿಗೆ ಬೇಕಾದದ್ದು ಎರಡನೆಯದು.

ತೆಲುಗಿಗೂ ಗುಡಿಸು, ಒತ್ತು ಎರಡೂ ಇವೆ; ಅಲ್ಲಿಯೂ ಮದ್ದಿಕೇರ ಮೂರು ಅಂತಸ್ತೇ. ಹಾಗಾಗಿ ಇದನ್ನು ಭಾಷೆಯ ಜಗಳ ಮಾಡದೆ, ತೆಲುಗು ಗೆಳೆಯರನ್ನೂ ಜೊತೆಗೆ ಕರೆದುಕೊಂಡು ಡಿಪೋಗಳಿಗೆ ಮನವಿ ಕೊಡುವುದು ಲೇಸೆಂದು ನಮಗೆ ತೋರುತ್ತದೆ. ಮನವಿಯಲ್ಲಿ 'ಕನ್ನಡ ಹಾಕಿ' ಎಂದಷ್ಟೇ ಬರೆಯಬೇಡಿ. ಬೋರ್ಡಿಗೆ 24 ಸಾಲಾದರೂ ಇರಲಿ, ಕೊಳ್ಳುವ ಮುನ್ನ ಮದ್ದಿಕೇರ, ಬಳ್ಳಾರಿ, ಪತ್ತಿಕೊಂಡ ಈ ಮೂರನ್ನೂ ಅದರಲ್ಲಿ ಮೂಡಿಸಿ ತೋರಿಸಲಿ ಎಂದು ಬರೆಯಿರಿ.