ತೊಲೆ ಕೊರೆಯುವ ಮುನ್ನ ಲೆಕ್ಕ ಬೇಕು

ಎ.ಸಿ. ಡಕ್ಟ್ ಹಾಯಿಸಲು ಜಾಗವಿಲ್ಲವೆಂದು ಉಕ್ಕಿನ ತೊಲೆಗೆ ಗ್ಯಾಸ್ ಕಟರ್ ಹಿಡಿಯುವುದು ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳು ತೀರ್ಮಾನಿಸುವ ವಿಷಯವಲ್ಲ. 'ಐ' ಆಕಾರದ ತೊಲೆಯಲ್ಲಿ ಬಾಗಿಸುವ ಬಲವನ್ನು ಬಹುಪಾಲು ಮೇಲಿನ, ಕೆಳಗಿನ ಪಟ್ಟಿಗಳು ತಾಳಿಕೊಂಡರೆ, ಕತ್ತರಿಸುವ ಬಲವನ್ನು ಹೊರುವುದು ನಡುವಿನ ತೆಳು ಫಲಕ. ಭಾರ ಸಮನಾಗಿ ಹರಡಿದ ಸಾದಾ ತೊಲೆಯಲ್ಲಿ ಈ ಬಲ ಆಧಾರದ ಬಳಿಯೇ ಗರಿಷ್ಠ; ಪೈಪಿನವರ ಕಣ್ಣು ಬೀಳುವುದೂ ಹಲವೊಮ್ಮೆ ಅಲ್ಲೇ! ಚೌಕ ಕಿಂಡಿಯ ಚೂಪು ಮೂಲೆಗಳಲ್ಲಿ ಒತ್ತಡ ಮಡುಗಟ್ಟುತ್ತದೆ. ದುಂಡು ರಂಧ್ರ ಎಷ್ಟೋ ಮೇಲು.

ಜೇನುಗೂಡಿನಂತೆ ತೂತುಗಳಿರುವ ತೊಲೆಗಳೂ ಇವೆಯಲ್ಲ ಎಂಬ ವಾದವುಂಟು. ನಿಜ, ಆದರೆ ಅವು ಆ ತೂತುಗಳನ್ನು ಲೆಕ್ಕಕ್ಕೆ ಹಿಡಿದೇ ವಿನ್ಯಾಸಗೊಂಡವು. ಕಿಂಡಿಯ ಮೇಲೆ ಕೆಳಗೆ ಪಟ್ಟಿ ಬೆಸೆದರೆ ಸಾಕಲ್ಲವೇ? ಆ ಪಟ್ಟಿ ಎಷ್ಟು ದಪ್ಪವಿರಬೇಕು, ಕಿಂಡಿಯ ಅಂಚು ದಾಟಿ ಎಷ್ಟು ಚಾಚಬೇಕು ಎಂಬುದನ್ನೂ ಲೆಕ್ಕವೇ ಹೇಳಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯ ನಕ್ಷೆಯಿಲ್ಲದೆ ಕಟರ್ ಹೊತ್ತಿಸಲು ಮಾಲೀಕರು ಬಿಡಬಾರದು.